ಕಾರಿಗೂ ಬಾಣಂತನ

ಆ ಚಳಿಗಾಲ ನಮ್ಮ ಮನೆಯಲ್ಲಿ ಎರಡು ಬಾಣಂತನ ನಡೆಯುತ್ತಿದ್ದವು. ಒಂದು ನನಗೆ, ಇನ್ನೊಂದು ಕೆಳಗೆ ಗರಾಜಿನಲ್ಲಿ ನಿಂತಿದ್ದ ಕಾರಿಗೆ. ನನ್ನದಕ್ಕೆ ಮೈಸೂರಿನಿಂದ ಅಮ್ಮ ಬಂದಿದ್ದಳು. ಕಾರಿನದನ್ನು ನನ್ನ ಗಂಡ ತಾನೇ ವಹಿಸಿಕೊಂಡಿದ್ದ. ನಿಯಮಗಳು ಎರಡಕ್ಕೂ ಒಂದೇ. ಗಾಳಿ ಸೋಕಬಾರದು, ತಣ್ಣಗಿದ್ದದ್ದು ಒಳಗೆ ಹೋಗಬಾರದು, ಮೈ ಬೆಚ್ಚಗಾಗುವ ತನಕ ಅಲ್ಲಾಡಬಾರದು.

ನಾವಿರುವುದು ಮಿಷಿಗನ್ನಿನ ಟ್ರಾಯ್‌ನಲ್ಲಿ. ನನ್ನ ಗಂಡ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಅವನು ಮಾಡುವುದು ಸೀಟು ಹಿಂದೆ ಮುಂದೆ ಜಾರುವ ಹಳಿಯ ವಿನ್ಯಾಸ. ಆದರೆ ಎಂಜಿನ್ನಿನ ಬಗ್ಗೆ ಮಾತಾಡುವಾಗ ಅದನ್ನು ತಾನೇ ಹೆತ್ತ ಹಾಗೆ ಮಾತಾಡುತ್ತಾನೆ. ಜನವರಿಯ ಚಳಿ ಶುರುವಾದರೆ ಬೆಳಿಗ್ಗೆ ಅವನ ಮೊದಲ ಕೆಲಸ ಗರಾಜಿಗೆ ಇಳಿದು ಕಾರು ಸ್ಟಾರ್ಟ್ ಮಾಡುವುದು. ಆಮೇಲೆ ಒಳಗೆ ಬಂದು ಕಾಫಿ ಕುಡಿಯುತ್ತ, ಫೋನು ತಿಕ್ಕುತ್ತ, ಎಂಜಿನ್ ಬಿಸಿಯಾಗಲಿ ಎಂದು ಕಾಯುತ್ತ ಕೂರುತ್ತಿದ್ದ.

"ಕೋಲ್ಡ್ ಸ್ಟಾರ್ಟ್ ಮಾಡಿ ಸೀದಾ ಓಡಿಸೋದು ಅಂದ್ರೆ ಗಾಢ ನಿದ್ದೇಲಿರೋರನ್ನ ಎಬ್ಬಿಸಿ ಓಡು ಅಂದ ಹಾಗೆ. ಆಯಿಲ್ ಇನ್ನೂ ಮೇಲಕ್ಕೇ ಹೋಗಿರಲ್ಲ," ಎನ್ನುತ್ತಿದ್ದ.

ಅಮ್ಮನಿಗೆ ಈ ಸಿದ್ಧಾಂತ ತುಂಬ ಹಿಡಿಸಿತು. ಬಿಸಿಯಿಂದ ವಾಸಿಯಾಗದ ಕಾಯಿಲೆ ಇಲ್ಲ ಎಂದು ನಂಬಿದವಳು ಅವಳು. ನಾನು ಅಮೆರಿಕಕ್ಕೆ ಬಂದಾಗಿನಿಂದ ಫೋನಿನಲ್ಲಿ ಅವಳ ಮೊದಲ ಪ್ರಶ್ನೆ "ಬೆಚ್ಚಗಿದೀಯಾ?" ಎಂಬುದೇ. ಜೂನ್ ತಿಂಗಳಲ್ಲೂ ಅದನ್ನೇ ಕೇಳುತ್ತಾಳೆ.

"ನೋಡೇ, ನಿನ್ನ ಗಂಡನಿಗೆ ಕಾರಿನ ಮೇಲಿರೋ ಅಕ್ಕರೆ! ಅದಕ್ಕೂ ಬಾಣಂತನ ಮಾಡ್ತಾರೆ," ಎಂದು ನಗುತ್ತಿದ್ದಳು. ಅಳಿಯನಿಗೆ ಅವಳು ಬಹುವಚನ ಬಿಟ್ಟು ಮಾತಾಡಿದ್ದೇ ಇಲ್ಲ.

ತಮಾಷೆ ಏನೆಂದರೆ, ಆ ಕಾರನ್ನು ಬೆಚ್ಚಗಿಡಲು ಬೇರೆ ದಾರಿ ಕಾರಿನಲ್ಲೇ ಇತ್ತು. ನಾವದನ್ನು ಕೊಂಡದ್ದು ಮಿನೆಸೋಟದಿಂದ ಬಂದ ಕುಟುಂಬವೊಂದರಿಂದ. ಅಲ್ಲಿಯ ಚಳಿಯ ಮುಂದೆ ನಮ್ಮದು ಏನೇನೂ ಅಲ್ಲ. ಅದಕ್ಕೇ ಕಾರಿನ ಮೂತಿಯ ಜಾಲರಿಯಿಂದ ಒಂದು ಪುಟ್ಟ ಪ್ಲಗ್ ಇಣುಕುತ್ತಿತ್ತು. ರಾತ್ರಿ ಅದಕ್ಕೆ ವೈರ್ ಜೋಡಿಸಿ ಕರೆಂಟ್ ಕೊಟ್ಟರೆ ಒಳಗಿರುವ ಹೀಟರ್ ಎಂಜಿನ್ನನ್ನು ಮೆಲ್ಲಗೆ ಬೆಚ್ಚಗಿಡುತ್ತದೆ. ಕಾರು ಸ್ಟಾರ್ಟ್ ಮಾಡಬೇಕಿಲ್ಲ, ಹೊಗೆ ಇಲ್ಲ, ಸದ್ದಿಲ್ಲ. ನೀರು ಕಾಯಿಸಲು ಬಾತ್‌ರೂಮಿನ ಬಕೆಟ್ಟಿಗೆ ನಮ್ಮೂರಲ್ಲಿ ಕಾಯಿಲ್ ಹಾಕುವುದಿಲ್ಲವೇ, ಹಾಗೆ. ನನ್ನ ಗಂಡನಿಗೆ ಮಾತ್ರ ಅದರ ಮೇಲೆ ಗುಮಾನಿ.

"ಮಗು ಇರೋ ಮನೇಲಿ ರಾತ್ರಿಯೆಲ್ಲ ಹಳೇ ವೈರ್ ಪ್ಲಗ್ ಮಾಡಿ ಬಿಡಕ್ಕಾಗತ್ತಾ? ಶಾರ್ಟ್ ಆದ್ರೆ? ನೀವು ಮಲಗಿರೋದು ಸರಿಯಾಗಿ ಅದರ ಮೇಲೆ," ಎಂದು ಆ ಪ್ಲಗ್ಗನ್ನು ಒಳಕ್ಕೆ ತಳ್ಳಿ ಪಟ್ಟಿ ಬಿಗಿದುಬಿಟ್ಟಿದ್ದ.

ಮಗು, ಅಮ್ಮ, ನಾನು ಮಲಗುತ್ತಿದ್ದುದು ಗರಾಜಿನ ಮೇಲಿನ ಕೋಣೆಯಲ್ಲಿ. ಆ ಕೋಣೆಯನ್ನು ಆರಿಸಿದವಳು ಅಮ್ಮ. ಅದು ಮಹಡಿಯ ಮೂಲೆಯಲ್ಲಿದೆ, ಪಕ್ಕದಲ್ಲೇ ಬಚ್ಚಲು, ಇರುವುದು ಒಂದೇ ಕಿಟಕಿ. ಬಾಣಂತಿ ಕೋಣೆಗೆ ಹೇಳಿ ಮಾಡಿಸಿದ ಹಾಗಿದೆ ಎಂದಳು. ಬಂದ ವಾರದಲ್ಲೇ ಕಿಟಕಿಯ ಸಂದಿಗೆಲ್ಲ ಹಳೇ ಕಾಟನ್ ಸೀರೆ ಹರಿದು ತುರುಕಿದಳು. ಬಾಗಿಲ ಬುಡಕ್ಕೆ ಟವೆಲು ಒತ್ತಿದಳು. ಒಂದು ಇರುವೆ ಒಳಗೆ ಬರಬೇಕಾದರೂ ಅಮ್ಮನ ಅಪ್ಪಣೆ ಬೇಕಿತ್ತು.

ಇನ್ನು ಉಳಿದದ್ದು ನೆಲ. ಬೆಳಿಗ್ಗೆ ಅಳಿಯ ಗರಾಜಿನ ಬಾಗಿಲೆತ್ತಿ ಕಾರು ಸ್ಟಾರ್ಟ್ ಮಾಡಿದರೆ ಕೋಣೆಯ ನೆಲ ಮಂಜುಗಡ್ಡೆಯಾಗುತ್ತದೆ ಎಂದು ಅಮ್ಮ ಮೆಲ್ಲಗೆ ದೂರಿದಳು. ಅತ್ತೆಯ ಮಾತಿಗೆ ಬೆಲೆ ಕೊಡಬೇಕಲ್ಲ! ಅವನು ಬಾಗಿಲನ್ನು ಮೊಣಕಾಲೆತ್ತರಕ್ಕೆ ಇಳಿಸಿದ.

"ಹೊಗೆ ಹೋಗಕ್ಕೆ ಇಷ್ಟು ಸಾಕು ಅತ್ತೆ. ಸೈಲೆನ್ಸರ್ ಇರೋದೇ ಕೆಳಗೆ," ಎಂದ.

ನಾನೂ ಅದನ್ನು ಕೇಳಿಸಿಕೊಂಡೆ. ಏನೂ ಅನ್ನಿಸಲಿಲ್ಲ.

ಕೋಣೆಯ ಸೂರಿನಲ್ಲಿ ಒಂದು ಅಲಾರಂ ಇತ್ತು. ಬೆಂಕಿಯ ಹೊಗೆಗೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೂ ಸೇರಿಸಿ ಮಾಡಿದ್ದು, ಹೆಂಗಸಿನ ದನಿಯಲ್ಲಿ ಇಂಗ್ಲಿಷಿನಲ್ಲಿ ಕಿರುಚುವಂಥದ್ದು. ಮಗುವಿನ ಮೊದಲ ಎಣ್ಣೆನೀರಿನ ದಿನ ಅಮ್ಮ ಸಾಂಬ್ರಾಣಿ ಹಾಕಿದಳು. ಹೊಗೆ ಮಗುವಿನ ತಲೆಗೂದಲಿಗೆ ಹತ್ತುವ ಮುಂಚೆಯೇ ಸೂರಿನಿಂದ "ಫೈರ್! ಫೈರ್!" ಎಂದು ಅರಚಾಟ. ಅಮ್ಮ ಮಗುವನ್ನು ಅವಚಿಕೊಂಡು ಮೆಟ್ಟಿಲಿಳಿದು ಓಡಿದ್ದಳು. ಮಾರನೆಯ ದಿನವೂ ಅದೇ ಕಥೆ. ದೃಷ್ಟಿ ತೆಗೆದು ಒಲೆಗೆ ಮೆಣಸಿನಕಾಯಿ ಹಾಕಿದ ದಿನವಂತೂ ಹೊಗೆಗೆ ಮಾತ್ರ ಕೂಗುವ ಬೇರೆ ಕೋಣೆಗಳವೂ ಸೇರಿ ಮನೆಯ ಅಲಾರಮುಗಳೆಲ್ಲ ಒಟ್ಟಿಗೆ ಕೂಗಿದವು. ಕೊನೆಗೆ ನನ್ನ ಗಂಡ ಕುರ್ಚಿ ಹತ್ತಿ ನಮ್ಮ ಕೋಣೆಯದನ್ನು ತಿರುಗಿಸಿ ತೆಗೆದು ಕಪಾಟಿನ ಮೇಲಿಟ್ಟ. ಈ ದೇಶದಲ್ಲಿ ಒಗ್ಗರಣೆಗೆ ಹೆದರಿ ಅಲಾರಂ ಬಿಚ್ಚಿಡದ ಕನ್ನಡದ ಮನೆ ಇದ್ದರೆ ನನಗೆ ತೋರಿಸಿ. ಕೆಲವು ದಿನಗಳಾದ ಮೇಲೆ ಅದು ಕಪಾಟಿನ ಮೇಲೂ ಕಾಣಲಿಲ್ಲ. ಕೂಗುವುದು ನಿಂತಿತಲ್ಲ ಎಂದು ಯಾರೂ ಹುಡುಕಲಿಲ್ಲ.

ಮಗಳು ಹುಟ್ಟಿದ ಹೊಸದರಲ್ಲಿ ಊರೆಲ್ಲ ಕೇಳುವ ಹಾಗೆ ಅಳುತ್ತಿದ್ದಳು. ಜನವರಿಯ ನಡುವೆ ಎಲ್ಲೋ ಆ ಅಳು ಕಡಿಮೆಯಾಯಿತು. ಮೊದಲು ಖುಷಿಪಟ್ಟೆವು. ಆಮೇಲೆ ಹಾಲು ಕುಡಿಯುವುದೂ ಕಡಿಮೆಯಾಯಿತು. ಎರಡು ಗುಟುಕು ಕುಡಿದು ಬಾಯಿ ತೆರೆದು ಹಾಗೇ ನಿದ್ದೆ. ಅಂಗಾಲು ಉಜ್ಜಿದರೂ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದರೂ ರೆಪ್ಪೆ ಎತ್ತುತ್ತಿರಲಿಲ್ಲ. ತೂಕ ನೋಡಿಸಲು ಕರೆದುಕೊಂಡು ಹೋದಾಗ ಡಾಕ್ಟರ್ ತಕ್ಕಡಿಯನ್ನೂ ನನ್ನನ್ನೂ ನೋಡಿದರು. ಮುಂದಿನ ವಾರವೂ ತೂಕ ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ಟೆಸ್ಟ್ ಮಾಡೋಣ ಎಂದರು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕೂತು ಅದರ ಕೆನ್ನೆ ತಟ್ಟುತ್ತ ಬಂದೆ. ಅಂಥ ಭಯ ನನಗೆ ಅದಕ್ಕೆ ಮುಂಚೆ ಗೊತ್ತಿರಲಿಲ್ಲ.

ಅಮ್ಮ ಕಾರಣವನ್ನು ಆಗಲೇ ಪತ್ತೆ ಮಾಡಿದ್ದಳು. ದೇವಸ್ಥಾನದ ಪರಿಚಯದ ಆಂಟಿಯೊಬ್ಬರು ಮಗು ನೋಡಲು ಬಂದವರು "ಎಷ್ಟು ಗುಡ್ ಬೇಬಿ ರೀ, ಅಳೋದೇ ಇಲ್ವಲ್ಲ!" ಎಂದಿದ್ದರು. ಅವರ ಕಣ್ಣು ಸರಿಯಿಲ್ಲ ಎಂದು ಅಮ್ಮನ ತೀರ್ಪು. ನನ್ನ ಗಂಡನ ಪ್ರಕಾರ ಎಲ್ಲಕ್ಕೂ ನಿದ್ದೆಗೇಡೇ ಕಾರಣ. ಅವನಿಗೂ ಬೆಳಿಗ್ಗೆ ತಲೆ ಭಾರವಂತೆ, ಆಫೀಸಿಗೆ ಹೋದರೆ ಸರಿಹೋಗುತ್ತದಂತೆ. ಕೆಲಸದಲ್ಲಿ ಮನಸ್ಸು ತೊಡಗಿದರೆ ತಲೆನೋವು ಓಡುತ್ತದೆ ಎಂದು ನನಗೇ ಉಪದೇಶ ಮಾಡಿದ. ಆವತ್ತು ದಿಂಬು ಎಸೆದಿದ್ದೆ.

ನನಗೂ ತಲೆನೋವಿತ್ತು. ಹಣೆಗೆ ಹಗ್ಗ ಬಿಗಿದ ಹಾಗೆ. ಜೊತೆಗೆ ಹೊಟ್ಟೆ ತೊಳಸು. ಫೋನಿನಲ್ಲಿ ನರ್ಸ್ ಹೊಸ ತಾಯಂದಿರಿಗೆ ಇದೆಲ್ಲ ಸಹಜ ಎಂದಳು. ಅಮ್ಮ ತಲೆಗೆ ಗಾಳಿ ಹೊಕ್ಕಿದೆ ಎಂದು ಸ್ಕಾರ್ಫ್ ಇನ್ನೂ ಬಿಗಿಯಾಗಿ ಕಟ್ಟಿದಳು.

ನಾನು ಯಾರನ್ನೂ ನಂಬಲಿಲ್ಲ. ನಾನು ಆಸ್ಪತ್ರೆಯ ಫಾರ್ಮಸಿಸ್ಟ್. ಡಾಕ್ಟರು ಬರೆದ ಔಷಧಿಯ ಪ್ರಮಾಣವನ್ನು ಅನುಮಾನದಿಂದ ನೋಡುವುದಕ್ಕೇ ನನಗೆ ಸಂಬಳ. ಮನೆಯಲ್ಲೂ ಅದೇ ಕಣ್ಣು. ನೀರಿನ ಫಿಲ್ಟರನ್ನು ಅನುಮಾನಿಸಿದೆ. ತೊಟ್ಟಿಲಿನ ಬಣ್ಣವನ್ನು ಅನುಮಾನಿಸಿದೆ. ಅಮ್ಮ ನನಗೆ ತಿನ್ನಿಸುತ್ತಿದ್ದ ಶುಂಠಿ ಮೆಣಸಿನ ಉಂಡೆಯನ್ನೂ ಬಿಡಲಿಲ್ಲ. ಯೋಚನೆ ಮಾಡಿ ಮಾಡಿ ಕೊನೆಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಶನಿವಾರ ಭಾನುವಾರ ಮಗು ಎಷ್ಟೋ ಚೆನ್ನಾಗಿರುತ್ತಿತ್ತು. ಕಣ್ಣು ಬಿಡುತ್ತಿತ್ತು, ಕುಡಿಯುತ್ತಿತ್ತು, ಒಮ್ಮೊಮ್ಮೆ ಅಳುತ್ತಲೂ ಇತ್ತು. ಸೋಮವಾರ ಬಂತೆಂದರೆ ಮತ್ತೆ ಅದೇ ಜೋಂಪು. ಅದೂ ಬೆಳಗಿನ ಹೊತ್ತೇ ಹೆಚ್ಚು.

ವಾರದ ಕೊನೆಯಲ್ಲಿ ಮನೆಯಲ್ಲಿ ಬೇರೆ ಏನಿರುತ್ತದೆ? ನನ್ನ ಗಂಡ ಇರುತ್ತಾನೆ. ಮಗು ಅವನ ಎದೆಯ ಮೇಲಿರುತ್ತದೆ. ಉಳಿದ ದಿನ ನಾನು ಸ್ನಾನಕ್ಕೆ ಹೋದರೆ, ಕಣ್ಣು ಮುಚ್ಚಿದರೆ, ಮಗು ಒಬ್ಬಳ ಕೈಯಲ್ಲಿ ಮಾತ್ರ ಇರುತ್ತದೆ.

ನಮ್ಮ ಕಡೆ ಅಳುವ ಕೂಸಿಗೆ ಬಜೆ, ಜಾಕಾಯಿ ತೇದು ನೆಕ್ಕಿಸುವುದು ಉಂಟು. ಜಾಕಾಯಿ ಎಂದರೆ ಪಾಯಸಕ್ಕೆ ಹಾಕುವ ಅದೇ ಜಾಯಿಕಾಯಿ. ಸಾಣೆಕಲ್ಲಿನ ಮೇಲೆ ಹಾಲು ಬಿಟ್ಟು ಒಂದು ಸುತ್ತು ತೇದು ಬೆರಳ ತುದಿಯಲ್ಲಿ ಬಾಯಿಗಿಟ್ಟರೆ ಮಗು ತೆಪ್ಪಗೆ ಮಲಗುತ್ತದೆ. ಹೆಚ್ಚಾದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಅಮ್ಮ ಬಂದ ದಿನವೇ ಹೇಳಿದ್ದೆ, ಮಗುವಿನ ಬಾಯಿಗೆ ನನ್ನ ಹಾಲು ಬಿಟ್ಟು ಏನೂ ಹೋಗಕೂಡದು ಎಂದು. "ಆಯ್ತಮ್ಮಾ, ನೀನು ಓದಿದೋಳು," ಎಂದಿದ್ದಳು. ಆ "ಆಯ್ತಮ್ಮಾ" ನನಗೆ ಆಗಲೇ ಸರಿಬಂದಿರಲಿಲ್ಲ.

ಒಂದು ದಿನ ಬಚ್ಚಲಲ್ಲಿ ಸಾಣೆಕಲ್ಲು ಒದ್ದೆಯಾಗಿ ಕೂತಿತ್ತು. ಮೂಸಿ ನೋಡಿದೆ. ಗಂಧದ ವಾಸನೆ ಬಂತು. ಆದರೆ ಗಂಧದ ಕೆಳಗೆ ಇನ್ನೇನೋ ಇರಬಹುದು ಅನ್ನಿಸಿತು.

"ಅಮ್ಮಾ, ಊರಿಂದ ಜಾಕಾಯಿ ತಂದಿದೀಯಾ?" ಎಂದು ಕೇಳಿದೆ, ಪಾಯಸಕ್ಕೆ ಕೇಳುವವಳ ಹಾಗೆ.

"ಇಲ್ವಲ್ಲ, ನಾನ್ಯಾಕೆ ತರ್ಲಿ? ಯಾರು ಹೇಳಿದ್ದು?" ಎಂದವಳೇ ಸೆರಗು ಸರಿಮಾಡಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಥೇಟ್ ಹಾಗೆ.

ಅಲ್ಲಿಂದ ನಾನು ಸ್ನಾನಕ್ಕೆ ಹೋಗುವುದನ್ನು ಮುಂದೂಡತೊಡಗಿದೆ. ನಿದ್ದೆ ಬಂದವಳ ಹಾಗೆ ಮಲಗಿ ಅರೆಗಣ್ಣಿನಲ್ಲಿ ಅಮ್ಮನನ್ನು ನೋಡುತ್ತಿದ್ದೆ. ಬೆಳಕು ಹರಿಯುವ ಮುಂಚೆ ಅವಳು ಎದ್ದು ತೊಟ್ಟಿಲ ಹತ್ತಿರ ಕೂರುತ್ತಿದ್ದಳು. ಕೆಳಗೆ ಕಾರು ಗುರ್ ಎನ್ನತೊಡಗುವಷ್ಟರಲ್ಲಿ ಅವಳ ಬೆರಳು ಮಗುವಿನ ಮೂಗಿನ ಮುಂದಿರುತ್ತಿತ್ತು. ತುಂಬ ಹೊತ್ತು ಹಾಗೇ ಹಿಡಿದಿರುತ್ತಿದ್ದಳು. ಕೊಟ್ಟದ್ದು ಹತ್ತಿದೆಯೋ ಇಲ್ಲವೋ ನೋಡುತ್ತಿದ್ದಾಳೆ ಎಂದುಕೊಂಡೆ. ಹೆತ್ತ ತಾಯಿಯ ಬಗ್ಗೆ ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ಸಂಕಟವಾಗುತ್ತಿತ್ತು. ಸಂಕಟಕ್ಕಿಂತ ಸಿಟ್ಟು ಹೆಚ್ಚಾಗಿತ್ತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬ ಗಾದೆ ನನಗೂ ಗೊತ್ತು. ಆದರೆ ನನ್ನ ಮಗುವಿನ ತೂಕ ಏರುತ್ತಿಲ್ಲ, ಆ ಹೊತ್ತಿನಲ್ಲಿ ಗಾದೆ ಕಟ್ಟಿಕೊಂಡು ಏನು ಮಾಡಲಿ?

ಆಮೇಲೆ ಆ ಚಳಿಗಾಲದ ಅತಿ ಕೆಟ್ಟ ಬೆಳಗು ಬಂತು. ಫ್ಯಾರನ್‌ಹೀಟ್ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿದಿತ್ತು. ಸ್ಕೂಲುಗಳಿಗೆ ರಜೆ ಕೊಟ್ಟಿದ್ದರು. ನನ್ನ ಗಂಡನಿಗೆ ಮಾತ್ರ ಫ್ಯಾಕ್ಟರಿಯಲ್ಲಿ ತಪ್ಪಿಸಿಕೊಳ್ಳಲಾಗದ ಕೆಲಸವಿತ್ತು. ಅಂಥ ಚಳಿಗೆ ಕಾರು ಎಂದಿಗಿಂತ ಹೆಚ್ಚು ಹೊತ್ತು ಕಾಯಬೇಕು ಎಂದು ಬೇಗನೆ ಸ್ಟಾರ್ಟ್ ಮಾಡಿದ. ಒಳಗೆ ಹಿಮ ನುಗ್ಗುತ್ತದೆ ಎಂದು ಗರಾಜಿನ ಬಾಗಿಲನ್ನು ಮೊಣಕಾಲಿಗಿಂತಲೂ ಕೆಳಗಿಳಿಸಿದ. ಆಮೇಲೆ ಅಡುಗೆಮನೆಯಲ್ಲಿ ಕಾಫಿ ಹಿಡಿದು ಕೂತ. ಅಮ್ಮ ದೇವರಿಗೆ ದೀಪ ಹಚ್ಚಲು ಕೆಳಗಿಳಿದಳು.

ನನಗೆ ತಲೆ ಸಿಡಿಯುತ್ತಿತ್ತು. ಮಗುವನ್ನು ಎತ್ತಿ ಎದೆಗಿಟ್ಟುಕೊಂಡೆ. ಬಾಯಿ ತೆರೆಯಲಿಲ್ಲ. ಕತ್ತು ವಾಲಿತು. ಹೆಸರು ಹಿಡಿದು ಕೂಗಿದೆ, ಅಲ್ಲಾಡಿಸಿದೆ. ಕಣ್ಣು ಅರೆ ತೆರೆದು ಮತ್ತೆ ಮುಚ್ಚಿತು. ನನ್ನ ಸಹನೆ ಅಲ್ಲಿಗೆ ಮುಗಿಯಿತು. ಮಗುವನ್ನು ಹಾಸಿಗೆಯ ಮೇಲೆ ಮಲಗಿಸಿ ಮೂಲೆಯಲ್ಲಿದ್ದ ಅಮ್ಮನ ಸೂಟ್‌ಕೇಸಿನ ಮುಂದೆ ಮಂಡಿಯೂರಿದೆ. ಇವತ್ತು ಆ ಜಾಕಾಯಿ ಸಿಗಬೇಕು, ಸಿಕ್ಕ ಮೇಲೆ ಅಮ್ಮನಿಗೆ ಊರಿನ ಟಿಕೆಟ್ ತೆಗೆಯಬೇಕು, ಅಷ್ಟೇ.

ಕೈ ಹಾಕುವ ಮೊದಲೇ ಸೂಟ್‌ಕೇಸ್ ಮಾತಾಡಿತು.

ಒಳಗಿನಿಂದ ಬೀಪ್ ಬೀಪ್ ಎಂಬ ಸದ್ದು. ಅದರ ಹಿಂದೆಯೇ ಬಾಯಿಗೆ ಬಟ್ಟೆ ತುರುಕಿದಂಥ ಹೆಂಗಸಿನ ದನಿ: "ವಾರ್ನಿಂಗ್. ಕಾರ್ಬನ್ ಮೊನಾಕ್ಸೈಡ್." ಜಿಪ್ ಎಳೆದೆ. ಸೀರೆಗಳ ಕೆಳಗೆ ಒಂದು ದಪ್ಪ ಗಂಟು. ಬಿಚ್ಚಿದರೆ ಕಾಣೆಯಾಗಿದ್ದ ಅಲಾರಂ. ಅದೇ ಸೀರೆಯ ಸೆರಗಿನ ತುದಿಯಲ್ಲಿ ಇನ್ನೊಂದು ಸಣ್ಣ ಗಂಟು. ಅದರೊಳಗೆ ಜಾಕಾಯಿ. ಒಂದು ಬದಿಯಲ್ಲಿ ತೇದ ಗುರುತಿತ್ತು.

ಈಗ ಯಾರಾದರೂ ಈ ಕಥೆ ಕೇಳಿದರೆ, ಫಾರ್ಮಸಿಸ್ಟ್ ಆದವಳು ಆ ಕ್ಷಣದಲ್ಲಿ ಯಾವುದನ್ನು ಎತ್ತಿಕೊಳ್ಳಬೇಕಿತ್ತು ಎಂದು ಥಟ್ಟನೆ ಹೇಳುತ್ತಾರೆ. ನಾನು ಎತ್ತಿಕೊಂಡದ್ದು ಜಾಕಾಯಿಯನ್ನು. ಅಲಾರಂ ಕಾಲ ಬುಡದಲ್ಲಿ ಕಿರುಚುತ್ತಲೇ ಇತ್ತು. ಅದು ಕಿರುಚುವುದು ಸಾಂಬ್ರಾಣಿಗೆ ಎಂದು ನಮ್ಮ ಮನೆಯಲ್ಲಿ ಎಂದೋ ತೀರ್ಮಾನವಾಗಿತ್ತು.

ಸದ್ದು ಕೇಳಿ ಅಮ್ಮ ಏದುಸಿರು ಬಿಡುತ್ತ ಮೇಲೆ ಬಂದಳು. ನಾನು ಜಾಕಾಯಿಯನ್ನು ಅವಳ ಮುಖದ ಮುಂದೆ ಹಿಡಿದೆ.

"ಏನಮ್ಮಾ ಇದು? ಎಷ್ಟು ತೇದೆ? ಹೇಳು, ದಿನಾ ಎಷ್ಟು ಕೊಡ್ತಿದೀಯ ನನ್ನ ಮಗೂಗೆ?"

ಅಮ್ಮನ ಮುಖ ಬಿಳಿಚಿಕೊಂಡಿತು. ಅವಳು ಜಾಕಾಯಿ ನೋಡಿದಳು, ಹಾಸಿಗೆಯ ಮೇಲಿದ್ದ ಮಗುವನ್ನು ನೋಡಿದಳು. ಆಮೇಲೆ ನೆಲದ ಮೇಲೆ ಅರಚುತ್ತಿದ್ದ ಅಲಾರಮನ್ನು ನೋಡಿದಳು. ನೋಡುತ್ತಲೇ ಅವಳ ಹುಬ್ಬು ಗಂಟಾಯಿತು.

"ಸಾಂಬ್ರಾಣಿಗೆ ಕೂಗಿ ಮಗೂನ ಬೆಚ್ಚಿಬೀಳಿಸತ್ತೆ ಅಂತ ತಾನೇ ನಾನು ಅದನ್ನ ಸುತ್ತಿಟ್ಟಿದ್ದು, ಇವತ್ತು ನಾನು ಸಾಂಬ್ರಾಣಿ ಹಾಕೇ ಇಲ್ವಲ್ಲೇ," ಎಂದಳು. "ಒಲೇನೂ ಹಚ್ಚಿಲ್ಲ. ಯಾಕೆ ಕಿರುಚ್ತಿದೆ ಅದು?"

ಆಗ ನನಗೆ ಕಾಲ ಕೆಳಗಿನ ಸದ್ದು ಕೇಳಿಸಿತು. ಕಾರು ಕೆಳಗೆ ಹಾಯಾಗಿ ಗುರುಗುಟ್ಟುತ್ತಿತ್ತು. ವಾರದ ದಿನ ಓಡುವ ಕಾರು. ಶನಿವಾರ ಭಾನುವಾರ ಸುಮ್ಮನಿರುವ ಕಾರು.

"ಅಮ್ಮಾ, ಹೊರಗೆ ನಡಿ!" ಎಂದು ಕಿರುಚಿ ಮಗುವನ್ನು ಎತ್ತಿಕೊಂಡೆ. ಎದ್ದು ನಿಂತರೆ ಕಾಲು ನನ್ನವಲ್ಲ. ಗೋಡೆ ಹಿಡಿದೆ. ಅಮ್ಮ ನನ್ನ ರಟ್ಟೆ ಹಿಡಿದು ಎಳೆದಳು. ಮೆಟ್ಟಿಲಿಳಿಯುವಾಗ ಗಂಡನ ಹೆಸರು ಕೂಗಿದೆ, ಕಾರು ಆಫ್ ಮಾಡು ಎಂದೆ. ಮುಂಬಾಗಿಲು ತೆರೆದವಳು ಅಮ್ಮನೇ. ಕೊಳಾಯಿಯ ತಣ್ಣೀರು ಮುಟ್ಟಲು ಬಿಡದವಳು, ಸಾಕ್ಸ್ ಇಲ್ಲದೆ ಹಾಸಿಗೆಯಿಂದ ಕಾಲಿಳಿಸಲು ಬಿಡದವಳು, ಬರಿಗಾಲಿನ ಬಾಣಂತಿಯನ್ನೂ ಹಸುಗೂಸನ್ನೂ ಬೆನ್ನಿಗೆ ಕೈಕೊಟ್ಟು ಆ ಹಿಮದೊಳಕ್ಕೆ ನೂಕಿದಳು. ತಾನೂ ಬರಿಗಾಲಲ್ಲೇ ಹಿಂದೆ ಬಂದು ಸೆರಗಿನಿಂದ ನಮ್ಮಿಬ್ಬರನ್ನೂ ಸುತ್ತಿ ನಿಂತಳು. "ಉಸಿರು ತಗೊಳೇ, ಜೋರಾಗಿ ತಗೋ," ಎಂದು ನನಗೆ ಹೇಳುತ್ತಿದ್ದಳೋ ಮಗುವಿಗೋ ಗೊತ್ತಾಗಲಿಲ್ಲ.

ಕಾರು ಆರಿಸಿ ಬಂದ ನನ್ನ ಗಂಡ ೯೧೧ಕ್ಕೆ ಫೋನ್ ಮಾಡಿದ. ಅಗ್ನಿಶಾಮಕ ದಳದವರು ಬಂದು ನಮ್ಮನ್ನು ಆಂಬುಲೆನ್ಸಿನೊಳಗೆ ಕೂರಿಸಿದರು. ಮೀಟರ್ ಹಿಡಿದು ಒಳಗೆ ಹೋದವರು ಹೊರಬಂದು ನನ್ನ ಗಂಡನಿಗೆ ಹೇಳಿದ್ದು ಇಷ್ಟು. ಮನೆಗೆ ಅಂಟಿದ ಗರಾಜಿನಲ್ಲಿ ಬಾಗಿಲು ಪೂರ್ತಿ ತೆರೆದಿದ್ದರೂ ಕಾರು ಬಿಸಿಮಾಡಲು ನಿಲ್ಲಿಸಬಾರದು. ಹೊಗೆ ಹೊರಗೆ ಹೋದ ಹಾಗೆ ಕಾಣುತ್ತದೆ. ವಾಸನೆಯಿಲ್ಲದ, ಕಣ್ಣಿಗೆ ಕಾಣದ ಗಾಳಿ ಮಾತ್ರ ಸಂದಿಗಳಲ್ಲಿ ತೂರಿ ಮೇಲೇರುತ್ತದೆ. ಮೇಲಿನ ಕೋಣೆಯ ಕಿಟಕಿಯ ಸಂದಿಗೆ ತುರುಕಿದ್ದ ಸೀರೆಯ ತುಂಡುಗಳನ್ನು ಒಬ್ಬಾತ ಕಿತ್ತು ಮುಷ್ಟಿಯಲ್ಲಿ ಹಿಡಿದು ತಂದಿದ್ದ. ಇದೇನು ಎಂದು ಕೇಳಿದ. ನನ್ನ ಗಂಡ ಅವನ್ನು ಇಸಿದುಕೊಂಡು ಜೇಬಿಗೆ ತುರುಕಿದ. ಆವತ್ತು ಅವನು ಎಂಜಿನ್ನಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆಸ್ಪತ್ರೆಯಲ್ಲಿ ಮಗುವಿಗೆ ಪುಟ್ಟ ಮಾಸ್ಕ್ ಇಟ್ಟು ಆಕ್ಸಿಜನ್ ಕೊಟ್ಟರು. ನನಗೂ ಅಮ್ಮನಿಗೂ ದೊಡ್ಡ ಮಾಸ್ಕುಗಳು. ಆ ವಿಷಗಾಳಿ ರಕ್ತಕ್ಕೆ ಅಂಟಿಕೊಂಡರೆ ಬೇಗ ಬಿಡುವುದಿಲ್ಲ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಉತ್ತರವನ್ನೂ ಬರೆದಿದ್ದೆ. ಈಗ ಆ ಮಾಸ್ಕಿನ ಕೆಳಗೆ ಮಗಳ ಎದೆ ಏರಿಳಿಯುವುದನ್ನು ನೋಡುತ್ತ ಕೂತೆ. ಎಷ್ಟು ಹೊತ್ತಾಯಿತೋ, ಅವಳು ಮುಖ ಕಿವುಚಿದಳು. ಕೈಕಾಲು ಒದ್ದಳು. ಆಮೇಲೆ ಹುಟ್ಟಿದ ದಿನದ ಹಾಗೆ, ಆ ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಅತ್ತಳು. ನಾನೂ ಅತ್ತೆ. ನನ್ನ ಗಂಡ ಗೋಡೆಗೆ ಮುಖ ಮಾಡಿ ಅತ್ತ.

ಮಗುವಿನ ಅಪಾಯ ದಾಟಿದೆ ಎಂದು ಹೇಳಿ ಡಾಕ್ಟರ್ ಅಮ್ಮನ ಕಡೆ ತಿರುಗಿದರು. ಅವಳ ರಕ್ತದಲ್ಲೂ ಆ ಗಾಳಿ ಸಾಕಷ್ಟಿತ್ತು. ಎಷ್ಟು ದಿನದಿಂದ ತಲೆನೋವು ಎಂದು ಕೇಳಿ ಎಂದು ನನಗೆ ಹೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಅಮ್ಮ ಮಾಸ್ಕ್ ಸರಿಸಿ ನನ್ನನ್ನು ನೋಡಿದಳು.

"ನನ್ನ ತಲೆನೋವು ಇರ್ಲಿ ಬಿಡು. ಅವರಿಗೆ ಇದನ್ನ ಹೇಳು. ಒಂದ್ಸಲ ನಾನು ಮಗೂಗೆ ಜಾಕಾಯಿ ನೆಕ್ಕಿಸಿದೀನಿ ಅಂತ. ಒಂದೇ ಸಲ. ನೀನು ಸ್ನಾನಕ್ಕೆ ಹೋಗಿದ್ದೆ, ಮಗು ಅತ್ತೂ ಅತ್ತೂ ನೀಲಿಯಾಗಿತ್ತು, ತಡ್ಕೊಳ್ಳಕ್ಕಾಗ್ಲಿಲ್ಲ. ಅವತ್ತಿಂದಲೇ ಅದು ಮಂಕಾಗಿದ್ದು. ಡಾಕ್ಟ್ರ ಹತ್ರ ಮುಚ್ಚಿಡಬೇಡ."

ನಾನು ಮಾಸ್ಕನ್ನು ಮತ್ತೆ ಅವಳ ಮುಖಕ್ಕಿಡಲು ಹೋದೆ, ಅವಳು ನನ್ನ ಕೈ ತಡೆದಳು.

"ದಿನಾ ಎದ್ದು ಮೂಗಿನ ಹತ್ರ ಬೆರಳಿಟ್ಟು ಉಸಿರು ನೋಡ್ತಿದ್ದೆ ಕಣೇ. ನಿಂತೋಗಿರತ್ತೇನೋ ಅಂತ. ನನ್ನ ಕೈಯಾರೆ ಕೊಂದೆನೇನೋ ಅಂತ," ಎಂದಳು. "ನನ್ನ ತಲೆನೋವನ್ನ ಯಾರಿಗೆ ಹೇಳ್ಲಿ? ಮಾಡಿದ್ದಕ್ಕೆ ದೇವರು ಕೊಟ್ಟಿದ್ದು ಅಂದ್ಕೊಂಡೆ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಂದೊಂದು ಪದವನ್ನೂ ಹೇಳಿದೆ, ಏನೂ ಬಿಡದೆ. ಡಾಕ್ಟರ್ ತಲೆಯಾಡಿಸಿ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಎಂದೋ ನೆಕ್ಕಿಸಿದ ಒಂದು ಬೆರಳಿನಿಂದ ಹೀಗಾಗುವುದಿಲ್ಲ, ಇನ್ನು ಮುಂದೆ ಮಾತ್ರ ಕೊಡಬೇಡಿ ಎಂದರು. ಅಮ್ಮನ ಕೈ ಹಿಡಿದು ಅದನ್ನೇ ಕನ್ನಡದಲ್ಲಿ ಹೇಳಿದೆ. ಅವಳಿಗೆ ನಂಬಿಕೆ ಬರಲಿಲ್ಲ. ಡಾಕ್ಟರ ಮುಖವನ್ನೂ ನನ್ನ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು.

"ನೀನು ಸರಿಯಾಗಿ ಹೇಳಿದ್ಯಾ? ಪೂರ್ತಿ ಒಂದು ಸುತ್ತು ತೇದೆ ಅಂತ ಹೇಳಿದ್ಯಾ? ನಾನು ಅಮ್ಮ ಅಂತ ಕಡಿಮೆ ಮಾಡಿ ಹೇಳಿಲ್ಲ ತಾನೆ?"

"ಇಲ್ಲಮ್ಮಾ. ಎಲ್ಲ ಹೇಳಿದೆ."

"ಇನ್ನೊಂದ್ಸಲ ಕೇಳು," ಎಂದಳು. ನಾನು ಡಾಕ್ಟರನ್ನು ಇನ್ನೊಂದು ಸಲ ಕೇಳಿದೆ.

ಮನೆಗೆ ಮರಳಿದ ಮೇಲೆ ನನ್ನ ಗಂಡ ಕೋಣೆಗೊಂದು ಅಲಾರಂ ಹಾಕಿದ. ಸಾಂಬ್ರಾಣಿಯ ಹೆಸರನ್ನು ಅಮ್ಮ ಎತ್ತಲಿಲ್ಲ. ಜಾಕಾಯಿಯನ್ನು ಕಸಕ್ಕೆ ಹಾಕಿದವಳು ಅವಳೇ. ಕಾರು ಗರಾಜಿನಿಂದ ಹೊರಬಿತ್ತು. ಅದರ ಮೂತಿಗೆ ಬಿಗಿದಿದ್ದ ಪಟ್ಟಿ ಕತ್ತರಿಸಿ ಆ ಪುಟ್ಟ ಪ್ಲಗ್ಗಿಗೆ ಕಿತ್ತಳೆ ಬಣ್ಣದ ಹೊಸ ವೈರ್ ಜೋಡಿಸಿ ಹೊರಗಿನ ಸಾಕೆಟ್ಟಿಗೆ ಸಿಕ್ಕಿಸಿದ್ದಾಯಿತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಾರು ತಕರಾರಿಲ್ಲದೆ ಏಳುತ್ತಿತ್ತು. ಆದರೂ ನನ್ನ ಗಂಡನಿಗೆ ಸಮಾಧಾನವಿಲ್ಲ. ಮಲಗುವ ಮುಂಚೆ ಜಾಕೆಟ್ ಹಾಕಿಕೊಂಡು ಹೋಗಿ ವೈರ್ ಸುಡುತ್ತಿದೆಯೇ ಎಂದು ಮುಟ್ಟಿ ನೋಡುತ್ತಿದ್ದ. ಅವನು ಸರಿಯಾಗಿ ನೋಡಿದನೇ ಎಂದು ನಾನು ಕಿಟಕಿಯಿಂದ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಅನುಮಾನ ಹೋಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ.

ಆ ಬೆಳಿಗ್ಗೆ ನಾನು ಕಿರುಚಿದ್ದರ ಬಗ್ಗೆ ಅಮ್ಮ ಒಂದು ದಿನವೂ ಏನೂ ಅನ್ನಲಿಲ್ಲ. ವಸಂತದಲ್ಲಿ ಊರಿಗೆ ಹೊರಟಾಗ ಮಗಳಿಗೆ ಎರಡು ಗಲ್ಲ ಬಂದಿತ್ತು. ಏರ್‌ಪೋರ್ಟಿನಲ್ಲಿ ಅಮ್ಮ ಎಲ್ಲರ ಮುಂದೆಯೇ ಅದರ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಮಗು ಆ ಬೆರಳನ್ನು ಹಿಡಿದು ಬಾಯಿಗಿಟ್ಟುಕೊಂಡಿತು. ಅಮ್ಮ ಸರಕ್ಕನೆ ಬೆರಳು ಎಳೆದುಕೊಂಡಳು.

ಈಗ ಮತ್ತೆ ಜನವರಿ ಬಂದಿದೆ. ಅಮ್ಮ ವೀಡಿಯೋ ಕಾಲಿನಲ್ಲಿ ಮೊದಲು ಮೊಮ್ಮಗಳನ್ನು ಕೇಳುವುದಿಲ್ಲ, ಸೂರಿನ ಅಲಾರಂ ತೋರಿಸು ಎನ್ನುತ್ತಾಳೆ. ಇದೆ ಎಂದು ಬಾಯಲ್ಲಿ ಹೇಳಿದರೆ ಒಪ್ಪುವುದಿಲ್ಲ, ಫೋನೆತ್ತಿ ತೋರಿಸಬೇಕು. "ಬೆಚ್ಚಗಿದೀಯಾ?" ಎಂದು ಅವಳು ಕೇಳದೆ ವರ್ಷವಾಗುತ್ತ ಬಂತು. ಈಗಿನ ಪ್ರಶ್ನೆ ಬೇರೆ.

"ಕಿಟಕಿ ತೆಗ್ದಿದೀಯಾ?"

ನಿನ್ನೆ ಬೆಳಿಗ್ಗೆಯೂ ಕೇಳಿದಳು. ಹೊರಗೆ ಹಿಮ ಬೀಳುತ್ತಿತ್ತು. ಕಿಟಕಿಯನ್ನು ಗೇಣಗಲ ಸರಿಸಿ ಫೋನನ್ನು ಹೊರಗೆ ಹಿಡಿದೆ. ಡ್ರೈವ್‌ವೇಯಲ್ಲಿ ಕಾರು ನಿಂತಿತ್ತು, ಅದರ ಮೂತಿಯಿಂದ ಕಿತ್ತಳೆ ವೈರ್ ಇಳಿದಿತ್ತು. ಗಾಳಿ ಒಳಗೆ ನುಗ್ಗಿ ಪರದೆ ಹಾರಿತು. ಮಗಳು ನನ್ನ ಕಾಲು ತಬ್ಬಿಕೊಂಡು ಸೀನಿದಳು.

"ಅಯ್ಯೋ, ಮಗೂಗೆ ಶೀತ ಆಗತ್ತೆ! ಮುಚ್ಚು, ಮುಚ್ಚು," ಎಂದು ಅಮ್ಮ ಕೂಗಿದಳು. ನಾನು ಕಿಟಕಿಗೆ ಕೈ ಹಾಕಿದೆ. ಮುಚ್ಚುವ ಮೊದಲೇ ಮತ್ತೆ ಅವಳ ದನಿ ಬಂತು.

"ಬೇಡ ಕಣೇ. ಇನ್ನೂ ಸ್ವಲ್ಪ ಹೊತ್ತು ತೆಗ್ದೇ ಇರ್ಲಿ."